ಕೊಟ್ರಮ್ಮನ ಲಿಂಗ ಕಳೆದ ಶ್ರಾವಣ

ಹೋದ ತಿಂಗಳು ಪಿಂಚಣಿ ಕಾಗದದ ಕೆಲಸಕ್ಕೆ ಕೂಡ್ಲಿಗಿಗೆ ಹೋಗಿದ್ದೆ. ಬಸ್ ನಿಲ್ದಾಣದ ಹತ್ತಿರ ಪೈಪು ಹಾಕಲು ರಸ್ತೆ ಅಗೆದು ಕೆಂಪು ಮಣ್ಣನ್ನು ಗುಡ್ಡೆ ಹಾಕಿದ್ದರು. ಅದರ ಪಕ್ಕದ ಕಿರಾಣಿ ಅಂಗಡಿಯ ಮುಂದೆ ಹರಳುಪ್ಪಿನ ಚೀಲಗಳು ಜಿಟಿಜಿಟಿ ಮಳೆಯಲ್ಲಿ ನೆನೆಯುತ್ತಿದ್ದವು. ಅಗೆದ ಮಣ್ಣು, ನೆನೆದ ಗೋಣಿ, ಕರಗುವ ಉಪ್ಪು ಮೂರರ ವಾಸನೆಯೂ ಕೂಡಿ ಮೂಗಿಗೆ ಬಡಿದದ್ದೇ ತಡ, ಕಾಲು ಮುಂದೆ ಹೋಗಲಿಲ್ಲ. ಅಂಗಡಿಯವನು "ಏನ್ ಬೇಕ್ರೀ ಅಕ್ಕಾರ?" ಎಂದ. "ಏನಿಲ್ಲಪ್ಪ, ಉಪ್ಪು ಒಳಗ ಇಟ್ಕೋ" ಎಂದು ಹೇಳಿ ಹೊರಟೆ. ಆವತ್ತು ಕಚೇರಿಯಲ್ಲಿ ನನ್ನ ಸಹಿಯನ್ನೇ ತಪ್ಪಾಗಿ ಹಾಕಿ ಗುಮಾಸ್ತನಿಂದ ಬೈಸಿಕೊಂಡೆ.

ಇದೆಲ್ಲ ನಡೆದಾಗ ನಮ್ಮ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಕಿತ್ತು ಹೊಸ ದಾವಣಗೆರೆ ಜಿಲ್ಲೆಗೆ ಅಂಟಿಸಿ ಒಂದು ವರ್ಷವಾಗಿತ್ತೇನೋ. ನಾನು ಚಿಗಟೇರಿಯವಳು. ಊರು ಆಚೆ ಜಿಲ್ಲೆಗೆ ಹೋದರೂ ನೌಕರಿ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಕೂಡ್ಲಿಗಿ ತಾಲ್ಲೂಕು ಹೊಸಹಳ್ಳಿ ಹೋಬಳಿಯ ಒಂದು ಹಳ್ಳಿಗೆ ನಾನು ನರ್ಸಮ್ಮ. ಅಪ್ಪ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದವನು. ಊರ ಹೊರಗಿನ ಕೇರಿಯ ನಮ್ಮ ಮನೆಯಲ್ಲಿ ದೇವರ ಜಗಲಿ ತೆಗೆದು ಬುದ್ಧನ ಪಟ ಇಟ್ಟವನೂ ಅವನೇ. ಉಪವಾಸದಿಂದ ಸೊರಗಿ ಕೂತಿದ್ದ ಬುದ್ಧನಿಗೆ ಪಾಯಸ ಕೊಟ್ಟ ಹೆಣ್ಣಿನ ಹೆಸರೆಂದು ನನಗೆ ಸುಜಾತ ಎಂದು ಹೆಸರಿಟ್ಟಿದ್ದ. "ಹಸಿದವರಿಗೆ ಕೊಡೋ ಕೈ ನಿಂದು" ಎನ್ನುತ್ತಿದ್ದ. ಆ ಶ್ರಾವಣದಲ್ಲಿ ನನ್ನ ಕೈ ಏನು ಮಾಡಿತು ಎಂಬುದನ್ನು ಅವನಿಗೆ ನಾನು ಕೊನೆವರೆಗೂ ಹೇಳಲಿಲ್ಲ.

ನನ್ನ ಉಪಕೇಂದ್ರವೆಂದರೆ ಕೊಟ್ರಮ್ಮನ ಮನೆಯ ಮುಂಗೋಣೆ. ಅದಕ್ಕೆ ಬೀದಿಗೆ ಬೇರೆ ಬಾಗಿಲು. ನಾನು ಉಳಿಯುತ್ತಿದ್ದುದೂ ಅಲ್ಲೇ. ಕೊಟ್ರಮ್ಮನಿಗೆ ಅರವತ್ತರ ಹತ್ತಿರ, ಗಂಡ ತೀರಿಹೋಗಿ ಬಹಳ ವರ್ಷ, ಮಕ್ಕಳಿಲ್ಲ. ಪಕ್ಕದ ಮನೆ ಮೈದುನ ವೀರಣ್ಣನದು. ಆತ ಊರಿನ ಹಿರಿಯ, ಅತ್ತಿಗೆಯ ಮುಂದೆ ಮಾತ್ರ ತಲೆ ಬಗ್ಗಿಸಿ ನಿಲ್ಲುವವ. ಆಕೆ ಆ ಮನೆಗೆ ದೊಡ್ಡವಳಾಗಿದ್ದುದು ವಯಸ್ಸಿನಿಂದಲ್ಲ, ಪೂಜೆಯಿಂದ. ದಿನಕ್ಕೆ ಎರಡು ಹೊತ್ತು ಮಿಂದು, ವಿಭೂತಿ ಧರಿಸಿ, ಕೊರಳ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿಟ್ಟುಕೊಂಡು ಕೂತರೆ ರೆಪ್ಪೆ ಬಡಿಯುತ್ತಿರಲಿಲ್ಲವಂತೆ. ಅಂತೆ ಏಕೆಂದರೆ ನಾನು ನೋಡಿದ್ದಿಲ್ಲ. ಲಿಂಗ ಕಟ್ಟದವರು ಆಕೆಯ ಲೆಕ್ಕದಲ್ಲಿ ಭವಿಗಳು. ಭವಿಯ ಕಣ್ಣು ಪೂಜೆಯ ಮೇಲೂ ಬೀಳಬಾರದು, ಮಾಡಿದ ಅಡುಗೆಯ ಮೇಲೂ ಬೀಳಬಾರದು. ಹಾಗಾಗಿ ಮುಂಗೋಣೆಗೂ ನಡುಮನೆಗೂ ನಡುವೆ ಹಳೆಯ ಹಸಿರು ಸೀರೆಯ ಪರದೆ. ಆದರೆ ಪರದೆಗೆ ಬಾಯಿ ಕಟ್ಟುವ ತಾಕತ್ತು ಎಲ್ಲಿದೆ?

"ನರ್ಸವ್ವಾ, ಅದೀಯೇನು?"

"ಅದೀನ್ರೀ ಅಮ್ಮಾರ."

"ಕೂಸುಗಳಿಗೆ ಸೂಜಿ ಚುಚ್ಚಿ ಚುಚ್ಚಿ ಪಾಪ ಕಟ್ಕೊಂಡಿ. ಒಂದೀಟು ಶಿವಾ ಅನ್ನಬಾರ್ದಾ?"

"ನನಗ ಹೊತ್ತಿಲ್ರಿ. ನನ್ನ ಹೆಸರ್ಲೇ ನೀವಾ ಅಂದುಬಿಡ್ರಿ."

ಆಕೆ ನಗುತ್ತಿದ್ದಳು. ಇನ್ನೊಬ್ಬರ ಹೆಸರಿನಲ್ಲಿ ಉಣ್ಣಬಹುದು, ಇನ್ನೊಬ್ಬರ ಹೆಸರಿನಲ್ಲಿ ಮುಕ್ತಿ ಸಿಗುವುದಿಲ್ಲ ಎನ್ನುತ್ತಿದ್ದಳು. ಒಂದು ಸಂಜೆ ಪರದೆಯಾಚೆಯಿಂದಲೇ ತನ್ನ ಸಾಧನೆಯನ್ನು ನನಗೆ ತಿಳಿಸಿ ಹೇಳಿದಳು. "ಒಂದರ ಮ್ಯಾಲ ನೋಟ ನೆಡಬೇಕು. ನೆಟ್ಟ ನೋಟಕ್ಕ ಎರಡನೇದು ಕಾಣಬಾರ್ದು. ಎರಡು ಕಾಣೂತನಕ ಹುಟ್ಟೂ ಐತಿ, ಸಾವೂ ಐತಿ. ಅಜ್ಜಾರು ನನಗ ಹೇಳಿಕೊಟ್ಟದ್ದು ಇಷ್ಟಾ. ಮೂವತ್ತು ವರ್ಷ ಆತು, ಇನ್ನೂ ಒಲಿಮ್ಯಾಲಿನ ಹಾಲು ನೆನಪಾಗ್ತತಿ ನೋಡು." ತನ್ನ ಲಿಂಗಕ್ಕೆ ಲೇಪಿಸಿದ ಕರಿಯ ಕಂತಿಯ ಎಡಭಾಗದಲ್ಲಿ ಎಳ್ಳಿನಷ್ಟು ಚಕ್ಕೆ ಎದ್ದಿದೆ, ಅಲ್ಲೇ ದೀಪ ಮಿನುಗುತ್ತದೆ, ತನ್ನ ನೋಟ ಹೋಗಿ ಕೂರುವುದೂ ಅಲ್ಲೇ ಎಂದಿದ್ದಳು. ಸಾವಿರ ಲಿಂಗದ ನಡುವೆ ಇಟ್ಟರೂ ಗುರುತು ಹಿಡಿಯುತ್ತೇನೆ ಎಂಬ ಹೆಮ್ಮೆ ಆ ಮಾತಿನಲ್ಲಿತ್ತು.

ಅಜ್ಜಾರು ಎಂದರೆ ಆಕೆಗೆ ದೀಕ್ಷೆ ಕೊಟ್ಟ ಸ್ವಾಮಿಗಳು. ಕೊಟ್ಟೂರಿನ ಅಂಚಿನಲ್ಲಿ ಅವರದೊಂದು ಸಣ್ಣ ಮಠ. ಹಿಂದಿನ ಶ್ರಾವಣದಲ್ಲಿ ಅವರು ನಮ್ಮ ಹಳ್ಳಿಗೆ ಬಂದು ತಿಂಗಳು ಪೂರ್ತಿ ಪ್ರವಚನ ಹೇಳಿದ್ದರು. ಮೈಕು ನನ್ನ ಕಿಟಕಿಯ ಎದುರಿಗೇ ಇತ್ತು, ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಂದು ಸಂಜೆ ಲಿಂಗ ಕಳೆದುಕೊಂಡ ಶರಣನೊಬ್ಬನ ಕಥೆ ಹೇಳಿದರು. ಅವನು ಅನ್ನ ನೀರು ಬಿಟ್ಟು ಕೂತಲ್ಲೇ ಕೂತು ಲಿಂಗದಲ್ಲಿ ಐಕ್ಯನಾದನಂತೆ, ಮತ್ತೆ ಹುಟ್ಟಲಿಲ್ಲವಂತೆ. "ಲಿಂಗ ಹೋದ ಮೇಲೆ ಈ ಅಂಗ ಯಾರ ಸಲುವಾಗಿ?" ಎಂದು ಕೇಳಿದರು. ಜನ ಹರ ಹರ ಎಂದಿತು. ನನಗೆ ಮೈ ಜುಮ್ಮೆಂದಿತು, ಭಕ್ತಿಯಿಂದಲ್ಲ. ಪ್ರವಚನ ಕೇಳಿ ಬಂದ ಕೊಟ್ರಮ್ಮ ಎದೆಯ ಮೇಲಿಟ್ಟ ಕೈಯನ್ನು ಮನೆ ಸೇರುವವರೆಗೂ ತೆಗೆದಿರಲಿಲ್ಲ.

ಆ ವರ್ಷದ ಶ್ರಾವಣ ಮೋಡ ಕವಿದುಕೊಂಡೇ ಬಂತು. ಬಿಸಿಲೆಂಬುದು ಮರೆತೇಹೋಯಿತು. ಗೋಡೆಗಳು ಬೆವರಿದವು, ಸೊಳ್ಳೆ ಹೆಚ್ಚಿ ಮನೆಗೊಬ್ಬರು ಚಳಿಜ್ವರ ಹಿಡಿದು ಮಲಗಿದರು. ಕೊಟ್ರಮ್ಮನ ಕೊರಳಲ್ಲಿ ಲಿಂಗ ತೂಗುವ ಶಿವದಾರ ಸವೆದು ಎಳೆ ಎಳೆಯಾಗಿತ್ತು. "ಅಮ್ಮಾರ, ದಾರ ಹರ್ಕೊಂತತಿ ನೋಡ್ರಿ" ಎಂದು ನಾನೇ ಎರಡು ಸಲ ಹೇಳಿದ್ದೆ. "ಅಜ್ಜಾರು ಬರ್ಲಿ, ಅವ್ರ ಕೈಲೇ ಹೊಸಾದು ಹಾಕಿಸ್ಕೊಂತೀನಿ" ಎಂದಳು.

ಆ ಸೋಮವಾರ ಊರೆಲ್ಲ ಶೇಂಗಾ ಕಳೆ ತೆಗೆಯಲು ಹೊಲಕ್ಕೆ ಹೋಗಿತ್ತು. ನಾನು ಪಕ್ಕದ ಹಳ್ಳಿಗೆ ಲಸಿಕೆ ಹಾಕಲು ಹೊರಟು ಬಸ್ಸಿಗೆ ಕಾಯುತ್ತಿದ್ದೆ. ಒಳಗೆ ಕೊಡ ಬಿದ್ದ ಸದ್ದು. ಕರೆದೆ, ಉತ್ತರವಿಲ್ಲ. ವೀರಣ್ಣನ ಮನೆಗೆ ಬೀಗ. ಒಂದು ಗಳಿಗೆ ಪರದೆಯ ಮುಂದೆ ನಿಂತೆ, ಆಮೇಲೆ ದಾಟಿದೆ. ಕೊಟ್ರಮ್ಮ ನೆಲದ ಮೇಲೆ ನಡುಗುತ್ತಾ ಬಿದ್ದಿದ್ದಳು. ಜ್ವರ ನೂರನಾಲ್ಕು ದಾಟಿತ್ತು, ಕಣ್ಣು ಮೇಲೆ ಹೋಗಿತ್ತು. ನನ್ನದೊಂದು ಹಳೆಯ ಬಿಳಿ ಸೀರೆಯನ್ನು ಚಿಂದಿ ಮಾಡಿ, ತಣ್ಣೀರಿನಲ್ಲಿ ಅದ್ದಿ, ಆಕೆಯ ಕುಪ್ಪಸ ಸಡಿಲಿಸಿ ಕೊರಳು, ಎದೆ, ಕಂಕುಳು ಒರೆಸಿದೆ. ಒಂದು ಚಿಂದಿ ಬಿಸಿಯಾದರೆ ಇನ್ನೊಂದು. ಸೂಜಿ ಮದ್ದು ಕೊಟ್ಟೆ. ಅರ್ಧ ತಾಸಿನಲ್ಲಿ ಜ್ವರ ಇಳಿದು ಆಕೆ ನಿದ್ದೆ ಹೋದಳು. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. ಹಾಸಿಗೆಯ ಸುತ್ತ ಬಿದ್ದಿದ್ದ ಒದ್ದೆ ಬಟ್ಟೆಗಳನ್ನೆಲ್ಲ ಬಾಚಿ ಬ್ಯಾಗಿನ ಹೊರಜೇಬಿಗೆ ತುರುಕಿ ಓಡಿದೆ.

ಲಿಂಗ ಕಟ್ಟುವ ಬಟ್ಟೆಯೂ ಬಿಳಿಯದೇ. ಅದೂ ಒದ್ದೆಯಾಗಿತ್ತು.

ಸಂಜೆ ಬಂದಾಗ ಮನೆ ತುಂಬ ಜನ. ಕೊಟ್ರಮ್ಮ ಕಂಬಕ್ಕೆ ಒರಗಿ ಎದೆ ಮುಟ್ಟಿಕೊಂಡು ಕೂತಿದ್ದಳು. ಹೆಂಗಸರು ಹಾಸಿಗೆ ಕೊಡವುತ್ತಿದ್ದರು, ಗಂಡಸರು ಲಾಟೀನು ಹಿಡಿದು ಬಚ್ಚಲ ಮೋರಿ ಕೆದಕುತ್ತಿದ್ದರು. ವೀರಣ್ಣ ಕೇಳಿದ: "ಅತ್ತಿಗಿ, ಮನಿಯಾಗ ಯಾರಾರ ಬಂದಿದ್ರೇನು?"

"ಜ್ವರದಾಗ ನನಗೇನೂ ನೆನಪಿಲ್ಲಪ್ಪ. ಮುಂಜಾನಿ ಪೂಜಿ ಮಾಡಿ ಕಟ್ಕೊಂಡಿದ್ದೆ."

ಬಂದಿದ್ದವಳು ನಾನು, ಮೈ ಒರೆಸಿದವಳು ನಾನು ಎಂದು ಆಗಲೇ ಹೇಳಬೇಕಿತ್ತು. ಬ್ಯಾಗಿನಲ್ಲಿ ಏನಿದೆಯೆಂದು ನನಗಿನ್ನೂ ಗೊತ್ತಿರಲಿಲ್ಲ, ಬುದ್ಧ ಸಾಕ್ಷಿ. ಆದರೆ ಪರದೆ ದಾಟಿದ್ದೆನಲ್ಲ. ವೀರಣ್ಣನ ಮುಖ ನೋಡಿ ಬಾಯಿ ಕಟ್ಟಿತು. ಯಾರೋ ನೀರಿನ ಲೋಟ ಹಿಡಿದರು. ಕೊಟ್ರಮ್ಮ ಲೋಟ ನೋಡಿದಳು, ಬರಿಯ ಎಡಗೈ ನೋಡಿದಳು. ಮೂವತ್ತು ವರ್ಷದಿಂದ ಲಿಂಗಕ್ಕೆ ತೋರಿಸದೆ ಆಕೆ ಒಂದು ಗುಟುಕು ನೀರನ್ನೂ ಕುಡಿದವಳಲ್ಲ. ಲೋಟ ಹಾಗೇ ವಾಪಸ್ಸು ಹೋಯಿತು.

ಮಂಗಳವಾರ ಮೋರಿಯ ಕೆಸರನ್ನು ಜರಡಿ ಹಿಡಿದರು, ತಿಪ್ಪೆ ಕೆದರಿದರು. ಸಂಜೆ ನನ್ನ ಬ್ಯಾಗಿನಿಂದ ಮುಗ್ಗಲು ವಾಸನೆ ಬಂತೆಂದು ಹೊರಜೇಬಿನ ಚಿಂದಿಗಳನ್ನು ತೆಗೆದು ಕೊಡವಿದೆ. ಹರಿದ ದಾರದ ಜೊತೆ ಒಂದು ಗಂಟು ನನ್ನ ಮಡಿಲಿಗೆ ಬಿತ್ತು. ಬಿಚ್ಚಿದೆ. ಕರಿಯ, ನುಣುಪಾದ ಸಣ್ಣ ಗುಂಡು. ಎಡಕ್ಕೆ ಎಳ್ಳಿನಷ್ಟು ಚಕ್ಕೆ.

ಗೋಡೆಯಾಚೆ ಕೊಟ್ರಮ್ಮನ ದನಿ ಶಿವ ಶಿವ ಎನ್ನುತ್ತಿತ್ತು. ಹತ್ತು ಹೆಜ್ಜೆ ದೂರ. ಎದ್ದೆ. ಆಗ ಕಟ್ಟೆಯ ಮೇಲೆ ವೀರಣ್ಣ ಯಾರಿಗೋ ಹೇಳಿದ್ದು ಕೇಳಿಸಿತು: "ಇನ್ನ ಅದು ಸಿಕ್ಕರೂ ಏನ್ ಬಂತು? ಯಾವ ಭವಿ ಕೈ ಮುಟ್ಟೇತೋ ಏನೋ. ಮುಟ್ಟಿದ ಕೈ ನನಗ ಸಿಗಬೇಕು." ನಾನು ಮತ್ತೆ ಕೂತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ, ಕದಿಯದವಳ ಮನಸ್ಸೂ ಹಾಗಾಗುತ್ತದೆಂದು ಆವತ್ತು ಗೊತ್ತಾಯಿತು. ಬೆಳಿಗ್ಗೆ ಜನ ಕರಗಿದ ಮೇಲೆ ಮೋರಿಯ ಹತ್ತಿರ ಇಟ್ಟು ಸಿಕ್ಕಿತೆಂದು ಕೂಗೋಣ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದುಕೊಂಡೆ.

ಬೆಳಿಗ್ಗೆ ಜನ ಕರಗಲಿಲ್ಲ, ಹೆಚ್ಚಾಯಿತು. ಸುದ್ದಿ ಸುತ್ತಿನ ಹಳ್ಳಿಗಳಿಗೆ ಮುಟ್ಟಿತ್ತು. ಟ್ರ್ಯಾಕ್ಟರಿನಲ್ಲಿ ಭಜನೆಯವರು ಬಂದರು. ಹೆಂಗಸರು ಕಾಯಿ ಕರ್ಪೂರ ಹಿಡಿದು ಸಾಲು ನಿಂತರು. ಮಂಗಳವಾರ ಹುಡುಕುತ್ತಿದ್ದವರಲ್ಲಿ ಒಬ್ಬರೂ ಬುಧವಾರ ಹುಡುಕಲಿಲ್ಲ, ಅದು ನನ್ನನ್ನು ಎಲ್ಲಕ್ಕಿಂತ ಹೆದರಿಸಿತು. "ಶಿವನ ಮಗಳು, ಕೂತಲ್ಲೇ ಐಕ್ಯ ಆಗ್ತಾಳ" ಎನ್ನುತ್ತಿದ್ದರು, ಕಣ್ಣಲ್ಲಿ ನೀರು ತಂದುಕೊಂಡು. ಸುಳ್ಳು ನೀರಲ್ಲ ಅದು. ಹೊತ್ತೇರುವಷ್ಟರಲ್ಲಿ ವೀರಣ್ಣನ ಹೊಲದ ಬದುವಿನಲ್ಲಿ ಗುದ್ದಲಿ ಸದ್ದು ಕೇಳಿಸಿತು. ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಕುಣಿ ಆಳ ಇರಬೇಕು, ಒಳಗೆ ಗೂಡು ಕೊರೆಯಬೇಕು, ಮಳೆಯಲ್ಲಿ ತಡವಾಗುತ್ತದೆಂದು ಮುಂಚೆಯೇ ಶುರು ಮಾಡಿದ್ದರು. ಮಧ್ಯಾಹ್ನ, ಕುಣಿಯಲ್ಲಿ ಹೆಣದ ಸುತ್ತ ಸುರಿಯುವ ಉಪ್ಪಿನ ಚೀಲಗಳು ಬಂಡಿಯಲ್ಲಿ ಬಂದು ನನ್ನ ಕೋಣೆಯ ಗೋಡೆಗೆ ಆತುಕೊಂಡು ಕೂತವು. ಆಕೆ ಒಳಗೆ ಉಸಿರಾಡುತ್ತಿದ್ದಳು.

ನಾನು ಮಾಡಿದ್ದೆಲ್ಲ ನರ್ಸಮ್ಮನ ಕೆಲಸ. ಹೊಸಹಳ್ಳಿಯ ಡಾಕ್ಟರಿಗೆ ಫೋನು ಮಾಡಿದೆ. ಅವರು ಜೀಪಿನಲ್ಲಿ ಬಂದರು. ಬಾಗಿಲಲ್ಲಿ ಜನ ಕೈ ಮುಗಿದು ನಿಂತು ದಾರಿ ಬಿಡಲೇ ಇಲ್ಲ, ನಾಳೆ ಪೊಲೀಸರನ್ನು ಕರೆತರುತ್ತೇನೆಂದು ಹೋದರು. ಉಪ್ಪು ಸಕ್ಕರೆ ಕಲಸಿದ ನೀರು ಹಿಡಿದು ನಾನು ಹೋದೆ. ವೀರಣ್ಣ ಗದರಲಿಲ್ಲ, ಮೆತ್ತಗೆ ಹೇಳಿದ: "ನರ್ಸಮ್ಮಾರ, ನಿಮ್ ಕೆಲ್ಸ ಮುಗೀತು. ಇದು ದವಾಖಾನಿ ಮಾತಲ್ಲ." ಅವನ ಕಣ್ಣು ಅತ್ತು ಊದಿಕೊಂಡಿದ್ದವು. ಅವನಿಗೆ ಅತ್ತಿಗೆ ಬೇಕಾಗಿದ್ದಳು, ಆದರೆ ಆ ಸಂಜೆಯ ಹೊತ್ತಿಗೆ ಅವನಿಗೆ ಅತ್ತಿಗೆಗಿಂತ ಆಕೆಯ ಸಮಾಧಿಯ ಮೇಲೇಳುವ ಗದ್ದುಗೆ ಹೆಚ್ಚು ಬೇಕಾಗಿತ್ತು.

ಕೊನೆಗೆ ಹಿತ್ತಿಲ ಕಿಟಕಿಗೆ ಹೋದೆ. ಕೊಟ್ರಮ್ಮ ಅದರ ಕೆಳಗೇ ಮಲಗಿದ್ದಳು. ತುಟಿ ಒಡೆದಿತ್ತು, ನಾಲಿಗೆ ದಪ್ಪಗಾಗಿ ಮಾತು ತೊದಲುತ್ತಿತ್ತು.

"ಯಾರು, ನರ್ಸವ್ವನಾ? ಹೊರಗ ಮಂದಿ ಬಾಳ ಅದಾರಲ್ಲ?"

"ಅದಾರ್ರಿ. ನೀರು ಕುಡೀರಿ ಅಮ್ಮಾರ, ನಿಮ್ ಕಾಲಿಗೆ ಬೀಳ್ತೀನಿ."

"ನಾ ಸಾಯಬೇಕಂತ ಕೂತಿಲ್ಲವ್ವ. ಎಲ್ರೂ ಹಂಗ ತಿಳ್ಕೊಂಡಾರ. ನೀರು ಗಂಟಲ್ದಾಗ ಇಳಿಯವಲ್ದು. ಅದು ಇಲ್ದ ನೀರು ಯಾರಿಗೆ ಕೊಡ್ಲಿ? ಅದು ಸಿಕ್ರ ಈಗ ಕುಡೀತೀನಿ ನೋಡು, ಕೊಡಗಟ್ಲೆ ಕುಡೀತೀನಿ." ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು. "ಏನೋ ಅಗಿಯೋ ಸಪ್ಪಳ ಕೇಳ್ತತಲ್ಲ, ಏನದು?"

"ಬದು ಹಾಕಾಕತ್ಯಾರ್ರಿ" ಎಂದೆ.

ಹಿತ್ತಿಲಲ್ಲಿ ಬೇರೆ ಯಾರೂ ಇರಲಿಲ್ಲ. ಕಿಟಕಿಗೆ ಸರಳುಗಳಿದ್ದವು, ಕೈ ಹೋಗುವಷ್ಟು ಸಂದಿತ್ತು. ಕೊಡಬಹುದಿತ್ತು. ಕೊಟ್ಟರೆ ಎಲ್ಲಿತ್ತು ಎಂದು ಕೇಳುತ್ತಾಳೆ. ಕೇಳಿದ ಮೇಲೆ, ಕೇರಿಯವಳ ಬ್ಯಾಗಿನಲ್ಲಿ ಸೂಜಿ ಡಬ್ಬಿಯ ಜೊತೆ ಎರಡು ದಿನ ಬಿದ್ದಿದ್ದ ಲಿಂಗವನ್ನು ಈಕೆ ಮುಟ್ಟದೇ ಹೋದರೆ? ಕಿರುಚಿದರೆ? ಹೊರಗೆ ಅಷ್ಟು ಜನ. ನನಗೆ ನನ್ನ ಜೀವದ ಭಯ, ಬಣ್ಣ ಹಚ್ಚಿ ಹೇಳಲಾರೆ. "ಬರ್ತೀನ್ರಿ" ಎಂದು ಕಿಟಕಿ ಬಿಟ್ಟು ಬಂದೆ.

ಗುರುವಾರ ಮೊದಲ ಬಸ್ಸಿಗೆ ಕೂಡ್ಲಿಗಿ, ಅಲ್ಲಿಂದ ಕೊಟ್ಟೂರು. ಅಜ್ಜಾರು ಮಠದ ಅಂಗಳದಲ್ಲಿ ಪತ್ರಿ ಗಿಡದ ಕೆಳಗೆ ಕಸ ಗುಡಿಸುತ್ತಿದ್ದರು. ಹಣ್ಣು ಮುದುಕರು, ಪ್ರವಚನದ ಮೈಕಿನಲ್ಲಿ ಕೇಳಿದ್ದ ಗುಡುಗು ದನಿ ಆ ಮೈಯೊಳಗಿಂದ ಬಂದದ್ದೆಂದು ನಂಬಲಾಗಲಿಲ್ಲ. ಅಂಗಳದ ಹೊರಗೇ ನಿಂತು ಎಲ್ಲವನ್ನೂ ಹೇಳಿದೆ. ನನ್ನ ಕೇರಿಯನ್ನೂ ಹೇಳಿದೆ. ಗಂಟು ಬಿಚ್ಚಿ ತೋರಿಸಿದೆ.

ಅವರು ಕಸಬರಿಗೆ ಕೆಳಗಿಟ್ಟರು. "ಎಲ್ಲಿಟ್ಟಿದ್ದೆವ್ವ ಇದನ್ನ?"

"ಬ್ಯಾಗಿನಾಗ್ರಿ, ಸೂಜಿ ಡಬ್ಬಿ ಜೋಡಿ. ಮೈಲಿಗಿ ಆಗೇತೇನ್ರಿ?"

"ಇದಕ್ಕ ಮೈಲಿಗಿ ಹತ್ತಂಗಿಲ್ಲ. ಹತ್ತೋದು ನಮ್ ತಲಿಗೆ." ಆಮೇಲೆ ಕಟ್ಟೆಯ ಮೇಲೆ ಕುಸಿದಂತೆ ಕೂತರು. "ಹೋದ ಶ್ರಾವಣದಾಗ ಆ ಕಥಿ ನಾನಾ ಹೇಳಿದ್ದೆ. ಲಿಂಗ ಕಳದ್ರ ಗುರು ಇನ್ನೊಂದು ಕೊಡಬೌದು, ಇದೂ ನಮ್ಮಾಗ ಐತಿ. ಅದನ್ನ ಹೇಳಲಿಲ್ಲ ನಾನು. ಹೇಳಿದ್ರ ಕಥಿ ಸಪ್ಪಗಾಗ್ತಿತ್ತು. ಮಂದಿ ಹರ ಹರ ಅಂತು, ನನಗೂ ಹಿತ ಆತು." ಶಾಲು ಹೊದ್ದು ಎದ್ದರು. "ದಾರಿ ತೋರಿಸಾಕ ನಿಂತಾಂವ ಅರ್ಧ ದಾರಿ ತೋರ್ಸಬಾರ್ದವ್ವ."

ಬಾಡಿಗೆ ಜೀಪಿನಲ್ಲಿ ಹೊರಟೆವು. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು: "ನಾ ಕೊಡ್ತೀನಿ, ಹೊಸಾದು ಅಂತ ಹೇಳ್ತೀನಿ. ನೀ ಬಾಯಿ ಬಿಡಬ್ಯಾಡ. ಆ ಮಂದಿಗೆ ತಿಳಿದ್ರ ನಿನ್ನ ನಾ ಉಳಿಸ್ಕೊಳ್ಳಾಕ ಆಗಂಗಿಲ್ಲ."

ಪೊಲೀಸರು ಇನ್ನೂ ಬಂದಿರಲಿಲ್ಲ. ಅಜ್ಜಾರನ್ನು ಕಂಡು ಜನ ಎದ್ದು ನಿಂತಿತು. ಐಕ್ಯ ಮಾಡಿಸಲು ಗುರುವೇ ಬಂದರೆಂದು ವೀರಣ್ಣ ಅಡ್ಡಬಿದ್ದ. ಅವರು ಎಲ್ಲರನ್ನೂ ಹೊರಗೆ ಕಳಿಸಿ, "ನರ್ಸಮ್ಮ ಇರ್ಲಿ, ನಾಡಿ ನೋಡಾಕ ಬೇಕು" ಎಂದು ಬಾಗಿಲು ಹಾಕಿಸಿದರು. ಎರಡನೆಯ ಸಲ ನಾನು ಆ ಹಸಿರು ಪರದೆ ದಾಟಿದೆ. ಕೊಟ್ರಮ್ಮನಿಗೆ ಮೇಲೇಳಲಾಗಲಿಲ್ಲ. ನಾನೇ ಆಕೆಯ ಬೆನ್ನಿಗೆ ಆತು ಕೂರಿಸಿದೆ. ಅಜ್ಜಾರು ಆಕೆಯ ಎಡಗೈ ಬಿಡಿಸಿ, ವಿಭೂತಿ ಸವರಿ, ಲಿಂಗ ಇಟ್ಟರು. "ಹೊಸ ಲಿಂಗ ಕೊಟ್ಟೀನಿ ತಾಯಿ. ಹಳೇದು ಶಿವ ತಗೊಂಡ. ಇನ್ನ ನೀರು ಕುಡಿ."

ಆಕೆ ನೋಡಿದಳು. ಮೂರು ದಿನ ಎತ್ತಲೋ ತೇಲುತ್ತಿದ್ದ ಕಣ್ಣು ಆ ಕರಿಯ ಗುಂಡಿನ ಎಡಕ್ಕೆ ಹೋಗಿ ನಿಂತಿತು. ರೆಪ್ಪೆ ಬಡಿಯಲಿಲ್ಲ. ಆಕೆಯ ಪೂಜೆ ಹೇಗಿರುತ್ತದೆಂದು ನಾನು ಕಂಡದ್ದು ಆವಾಗಲೇ.

"ಇದು ನಂದಾ" ಎಂದಳು. "ಎಲ್ಲಿತ್ರಿ ಅಜ್ಜಾರ?"

ಅಜ್ಜಾರು ತಲೆ ತಗ್ಗಿಸಿದರು. ನನಗೆ ತಡೆದುಕೊಳ್ಳಲಾಗಲಿಲ್ಲ. "ನನ್ ಬ್ಯಾಗಿನಾಗಿತ್ರಿ. ಜ್ವರದಾಗ ನಿಮ್ ಮೈ ಒರೆಸಿದಾಕಿ ನಾನಾ. ಒದ್ದಿ ಅರಿವಿ ಜೋಡಿ ತುರುಕಿದ್ದೆ. ಮಂಗಳಾರ ಸಂಜಿಗೆ ನನಗ ಸಿಕ್ತು. ನಿನ್ನಿ ಕಿಟಕಿಗೆ ಬಂದಾಗ್ಲೂ ಇತ್ತು."

ಆಕೆ ನನ್ನನ್ನು ತಿರುಗಿ ನೋಡಲು ಕೊರಳು ಹೊರಳಿಸಿದಳು, ಆಗಲಿಲ್ಲ. ಹೊರಗೆ ಭಜನೆ ಜೋರಾಗಿತ್ತು. ಆಕೆ ಒಂದು ಕೂಗು ಹಾಕಿದ್ದರೆ ಸಾಕಿತ್ತು.

"ಮೊದ್ಲ ನೀರು ಕೊಡು" ಎಂದಳು.

ನಾನು ಅಜ್ಜಾರತ್ತ ನೋಡಿದೆ. "ಅವರಲ್ಲ, ನೀ ಕೊಡು" ಎಂದಳು. ಒಲೆಯ ಪಕ್ಕದ ಗಡಿಗೆಯಿಂದ ನೀರು ಬಗ್ಗಿಸಿ ತಂದೆ. ಆಕೆ ಲೋಟವನ್ನು ಲಿಂಗಕ್ಕೆ ತೋರಿಸಿ, ನನ್ನ ಕೈಯಿಂದಲೇ, ಗುಟುಕು ಗುಟುಕಾಗಿ ಕುಡಿದಳು.

ಅಜ್ಜಾರು ಬಾಗಿಲು ತೆರೆದು, ತಾಯಿಗೆ ಲಿಂಗ ಕೊಟ್ಟಿದ್ದೇನೆ, ನೀರು ಕುಡಿದಿದ್ದಾಳೆ ಎಂದರು. ಜನ ಸಂತೋಷದಿಂದ ಕೂಗುತ್ತದೆಂದು ನಾನು ಕಾದೆ. ಯಾರೂ ಕೂಗಲಿಲ್ಲ. ತಾಳ ನಿಂತಿತು. ಒಬ್ಬ ಹೆಂಗಸು ಹೊಸ್ತಿಲ ಮೇಲಿಟ್ಟಿದ್ದ ತನ್ನ ಕಾಯನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮುಖ ಹೊತ್ತು ಟ್ರ್ಯಾಕ್ಟರಿನವರು ಹೋದರು. ವೀರಣ್ಣ ಉಪ್ಪಿನ ಚೀಲಗಳನ್ನು ನೋಡುತ್ತಾ ನಿಂತಿದ್ದ.

ಕುಣಿ ಹಾಗೇ ಉಳಿಯಿತು. ತೋಡಿದ ಕುಣಿಯನ್ನು ಬರಿದೇ ಮುಚ್ಚಬಾರದು, ಬಾಯಿ ತೆರೆದ ಮೇಲೆ ಅದು ಯಾರನ್ನಾದರೂ ಕೇಳುತ್ತದೆ ಎಂಬುದು ಅಲ್ಲಿಯ ನಂಬಿಕೆ. ಒಂದು ಬಾಳೆದಿಂಡನ್ನಾದರೂ ಹಾಕಿ ಮುಚ್ಚಿರೆಂದು ಅಜ್ಜಾರು ಹೇಳಿಕಳಿಸಿದರು. ವೀರಣ್ಣ ಹೂಂ ಎಂದ, ಮುಚ್ಚಲಿಲ್ಲ. ಮಳೆ ಬಿಡಲಿಲ್ಲ. ಕುಣಿಯಲ್ಲಿ ಕೆಂಪು ನೀರು ತುಂಬಿತು. ಊರಿನಲ್ಲಿ ಒಂದು ಎತ್ತು ಸತ್ತಿತು, ಒಂದು ಹೆರಿಗೆ ಕೆಟ್ಟಿತು. ಎರಡು ಸಲವೂ ಜನ ಕೊಟ್ರಮ್ಮನ ಬಾಗಿಲ ಕಡೆ ನೋಡಿದರು. ಹಿಂದೆ ಆಕೆಯನ್ನು ಕಂಡರೆ ಶರಣು ಎನ್ನುತ್ತಿದ್ದ ಹೆಂಗಸರು ಈಗ ಕೊಡ ಎತ್ತಿಕೊಂಡು ಬೇಗ ಬೇಗ ನಡೆದರು. ಸಾಯಬೇಕಾದವಳು ಉಂಡೆದ್ದಳು ಎಂಬ ಮಾತು ನನ್ನ ಕಿವಿಗೂ ಬಿತ್ತು. ಉಪ್ಪು ನನ್ನ ಗೋಡೆಗೆ ಆತುಕೊಂಡೇ ಕರಗಿ ಕರಗಿ ಸುಣ್ಣವನ್ನು ತಿನ್ನುತ್ತಿತ್ತು.

ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾಗುತ್ತಿತ್ತು. ಭಾದ್ರಪದ ಬರುವಷ್ಟರಲ್ಲಿ ಕೊಟ್ರಮ್ಮನ ಪಾದ ಊದಿದವು. ಬೆಳಿಗ್ಗೆ ಕಣ್ಣಿನ ಕೆಳಗೆ ಚೀಲ. ಮೂತ್ರ ಸರಿಯಾಗಿ ಹೋಗುತ್ತಿರಲಿಲ್ಲ. ಚಳಿಜ್ವರದ ಮೇಲೆ ಮೂರು ದಿನ ನೀರಿಲ್ಲದೆ ಇದ್ದ ಮೈ. ಕೂಡ್ಲಿಗಿಗೆ ಕರೆದುಕೊಂಡು ಹೋದೆ. ಮೂತ್ರಪಿಂಡ ಸೋತಿವೆ, ದಾವಣಗೆರೆಗೆ ಒಯ್ಯಿರಿ ಎಂದರು. ಕಾರಿಡಾರಿನಲ್ಲಿ ಡಾಕ್ಟರು ನನಗೆ ಮಾತ್ರ ಹೇಳಿದರು, ಒಂದು ದಿನ ಮುಂಚೆ ನೀರು ಬಿದ್ದಿದ್ದರೂ ಉಳಿಯುತ್ತಿದ್ದವೇನೋ ಎಂದು. ನಾನು ತಲೆಯಾಡಿಸಿದೆ. ಕೊಟ್ರಮ್ಮ ದಾವಣಗೆರೆ ಒಲ್ಲೆ ಎಂದಳು.

ಪರದೆ ಈಗ ಇರಲಿಲ್ಲ. ಆಕೆಯೇ ತೆಗೆದು ಮಡಿಚಿಟ್ಟಿದ್ದಳು. ಯಾರಾದರೂ ಕೇಳಿದರೆ ಗಾಳಿ ಬರಲಿ ಅಂತ ಎನ್ನುತ್ತಿದ್ದಳು. ಒಂದು ಸಂಜೆ ಆಕೆಯ ಕಾಲು ಒತ್ತುತ್ತಾ ಕೂತಿದ್ದೆ. ಬೆರಳಿಟ್ಟ ಕಡೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು.

"ಕುಣಿ ನೋಡಿ ಬಂದೆ" ಎಂದಳು.

"ಯಾಕ್ ಹೋದ್ರಿ ಅಮ್ಮಾರ, ಈ ಕಾಲಾಗ?"

"ನನ್ನ ಮನಿ ನಾ ನೋಡಬ್ಯಾಡೇನು? ಬದು ಹಾಕಾಕತ್ಯಾರ ಅಂದಿದ್ದಿ. ಬಾಳ ಛಲೋ ಬದು ಹಾಕ್ಯಾರ ಬಿಡು." ನಕ್ಕಳು. ನನಗೆ ನಗು ಬರಲಿಲ್ಲ, ಅಳು ಬಂತು. ಆಕೆಯ ಪಾದದ ಮೇಲೆ ತಲೆಯಿಟ್ಟು, ಆ ಒಂದು ದಿನ ನಾನು ಕೊಟ್ಟಿದ್ದರೆ ನೀವು ಉಳಿಯುತ್ತಿದ್ದಿರಿ ಎಂದು ಹೇಳಿಯೇಬಿಟ್ಟೆ.

ಆಕೆ ಪಾದ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು. "ಅದು ನಿನ್ ಹತ್ರ ಇದ್ದಾಗ ನಿನಗೇನು ಅನಿಸ್ತು?"

"ಹೆದರಿಕಿ ಆತ್ರಿ. ಬ್ಯಾರೆ ಏನೂ ಇಲ್ಲ."

"ಉಂಡಿ?"

"ಇಲ್ರಿ."

"ಮಲಗಿದಿ?"

"ಇಲ್ರಿ. ಅದಾ ಕಣ್ ಮುಂದ."

"ಅದನ್ನ ಬಿಟ್ಟು ಬ್ಯಾರೆ ಏನಾರ ನೆನಪಾತಾ? ಊರು, ಅಪ್ಪ, ಒಲಿಮ್ಯಾಲಿನ ಹಾಲು?"

"ಏನೂ ಇಲ್ರಿ."

"ನೋಡು ಮತ್ತ. ಮೂವತ್ತು ವರ್ಷ ಕೈಯಾಗ ಹಿಡಕೊಂಡು ನಾ ಕೂತೆ, ನನಗ ಹಂಗ ಒಂದು ದಿನಾನೂ ಆಗಲಿಲ್ಲ." ಆಕೆಯ ದನಿಯಲ್ಲಿ ಕೋಪವಿರಲಿಲ್ಲ, ಒಂದಿಷ್ಟು ಹೊಟ್ಟೆಕಿಚ್ಚೇ ಇತ್ತು. "ಹೆದರಿಯಾದ್ರೂ ನೋಟ ನೆಟ್ಟಿ. ಆದ್ರ ಹೆದರಿಕಿಲೇ ನೆಟ್ಟ ನೋಟ ತನ್ನ ಕೊರಳಿಗಿಂತ ಆಚಿಗೆ ಹೋಗಂಗಿಲ್ಲ, ತಂಗಿ. ಪ್ರೀತಿಲೇ ನೆಡಬೇಕು. ಅಜ್ಜಾರು ನನಗ ಅದನ್ನ ಹೇಳಿರಲಿಲ್ಲ. ನಿನಗ ನಾ ಹೇಳೀನಿ."

ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಹಾನವಮಿಗೆ ಮುಂಚೆ, ಒಂದು ಬೆಳಗಿನ ಪೂಜೆಗೆ ಕೂತವಳು ಏಳಲಿಲ್ಲ. ಲಿಂಗ ಕೈಯಲ್ಲೇ ಇತ್ತು, ಕಣ್ಣು ಅದರ ಎಡಕ್ಕೆ ನೆಟ್ಟಿತ್ತು. ನಾನೇ ಮೊದಲು ಕಂಡವಳು, ಮುಟ್ಟಲಿಲ್ಲ, ವೀರಣ್ಣನನ್ನು ಕರೆದೆ. ಆರು ಜನ ಸೇರಿ ಕುಣಿಯ ಕೆಂಪು ನೀರನ್ನು ಕೊಡದಿಂದ ಎತ್ತಿ ಹಾಕಿದರು. ಗೋಡೆಗೆ ಅಂಟಿ ಕಲ್ಲಾಗಿದ್ದ ಉಪ್ಪನ್ನು ಗುದ್ದಲಿಯಿಂದ ಕಿತ್ತು ಒಯ್ದರು. ಅಜ್ಜಾರು ಬಂದು ಕುಣಿಯ ಅಂಚಿನಲ್ಲಿ ನಿಂತರು, ಒಂದೂ ಮಾತು ಆಡಲಿಲ್ಲ. ಆಮೇಲೆ ಅವರು ಎಲ್ಲೂ ಪ್ರವಚನ ಹೇಳಲಿಲ್ಲವೆಂದು ಕೇಳಿದ್ದೇನೆ. ನಾನು ದೂರದ ಬದುವಿನ ಮೇಲೆ, ಹೆಂಗಸರ ಹಿಂದೆ ಇದ್ದೆ.

ಜನ ಮತ್ತೆ ತುಂಬಿ ಬಂದಿತ್ತು. ಈ ಸಲ ಹರ ಹರ ಎಂದಿತು. ವೀರಣ್ಣ ನನ್ನ ಹತ್ತಿರ ಬಂದು, ಕಣ್ಣೊರೆಸಿಕೊಳ್ಳುತ್ತಾ ಹೇಳಿದ: "ನೋಡ್ರಿ ನರ್ಸಮ್ಮಾರ, ಕುಣಿ ಕಾದಿತ್ತು. ಕರಕೊಂತು."

ಅಲ್ಲಿಯವರು ಇಂದಿಗೂ ಹಾಗೇ ಹೇಳುತ್ತಾರಂತೆ. ಆವತ್ತೂ ನಾನು ಹೌದ್ರಿ ಎಂದೆ. ಆ ಬುಧವಾರ ಕಿಟಕಿಯ ಸರಳು ಹಿಡಿದು ನೀರು ಕುಡೀರಿ ಎಂದು ಆಕೆಯನ್ನು ಬೇಡಿಕೊಳ್ಳುವಾಗ ಬ್ಯಾಗು ನನ್ನ ಹೆಗಲ ಮೇಲೆಯೇ ಇತ್ತು.